ಚಿಗರಿ ಬಸ್ಸಿನ ಅಕ್ಕಾರಿಗೆ

ಧಾರವಾಡದಿಂದ ಹುಬ್ಬಳ್ಳಿಗೆ ಹೊರಟ ಚಿಗರಿಯಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕಾರೇ, ನಿಮ್ಮ ಹೆಸರು ಕೇಳೋದೇ ಮರೆತೆ. ಇಲ್ಲೇ ಥ್ಯಾಂಕ್ಸ್ ಹೇಳ್ತಿದ್ದೇನೆ.

ಆಂಬುಲೆನ್ಸ್ ಕೆಲಸದ ಪರೀಕ್ಷೆಗೆ ಓದುತ್ತಿದ್ದೆ. ಪ್ರತಿ ಪ್ರಶ್ನೆಗೂ ನಾಲ್ಕಕ್ಕೆ ನಾಲ್ಕೂ ಉತ್ತರ ಸರಿ ಅನ್ನಿಸಿ ತಲೆ ಕೆಟ್ಟಿತ್ತು. ಬೈಕ್ ಬಿದ್ದಿದೆ, ಸವಾರನಿಗೆ ಎಚ್ಚರವಿಲ್ಲ, ರಕ್ತ ಸೋರುತ್ತಿದೆ, ಪಕ್ಕದಲ್ಲಿ ಕರೆಂಟ್ ತಂತಿ. ಮೊದಲು ಏನು ಮಾಡುತ್ತೀರಿ? ನಾನು ರಕ್ತ ನಿಲ್ಲಿಸುವುದಕ್ಕೆ ಟಿಕ್ ಹಾಕಿದ್ದೆ. ನೀವು ನನ್ನ ಪೆನ್ಸಿಲ್ ಇಸಿದುಕೊಂಡು ‘ಮೊದಲು’ ಅನ್ನೋ ಪದಕ್ಕೆ ಸುತ್ತು ಹಾಕಿದಿರಿ.

“ತಮ್ಮಾ, ನಾಲ್ಕೂ ಮಾಡೂ ಕೆಲಸಾನ. ಮೊದಲ ಯಾವ್ದು ಅಂತ ಕೇಳ್ಯಾರ. ತಂತಿ ಮುಟ್ಟಿ ನೀನ ಬಿದ್ರ ಅವನ್ನ ಯಾರು ಎತ್ತಬೇಕು?”

ಆಮೇಲೆ ಉತ್ತರಗಳನ್ನು ಅಂಗೈಯಿಂದ ಮುಚ್ಚಿಸಿ ಬರೀ ಪ್ರಶ್ನೆ ಓದಿಸಿದಿರಿ. ನನ್ನ ಉತ್ತರ ಬಾಯಲ್ಲಿ ಹೇಳಿದ ಮೇಲೇ ಕೈ ತೆಗೆಯಬೇಕು. ಉಣಕಲ್ ಹತ್ತಿರ ಇನ್ನೊಂದು ಪ್ರಶ್ನೆ ಬಂತು: ನಾಡಿ ಇಲ್ಲ, ಆದರೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗಾಳಿ ಎಳೆಯುತ್ತಾನೆ. ಉಸಿರಾಡ್ತಿದ್ದಾನೆ ಅಲ್ವಾ ಅಂದೆ. ಅದು ಉಸಿರಾಟವೇ ಅಲ್ಲ, ಎದೆ ಒತ್ತು ಅಂದಿರಿ. 30 ಸಲ ಒತ್ತಿ 2 ಸಲ ಉಸಿರು ಕೊಡಬೇಕು.

ಕಿಮ್ಸ್ ಆಸ್ಪತ್ರೆ ಸ್ಟಾಪಿನಲ್ಲಿ ಇಳಿದಿರಿ. ನರ್ಸ್ ಇರಬೇಕು. ನಾನು ಪಾಸಾದೆ. ಪೆನ್ಸಿಲ್ ನಿಮ್ಮ ಕೈಯಲ್ಲೇ ಹೋಯಿತು, ಇಟ್ಟುಕೊಳ್ಳಿ.