ಎರಡನೇ ಗೇರಿನ ಕರಕರ: ಮಗಳಿಗೊಂದು ಪತ್ರ

ದಾವಣಗೆರೆ

ಚಿ. ಮಗಳಿಗೆ ತಂದೆಯ ಆಶೀರ್ವಾದಗಳು. ಇತ್ತ ನಾವು ಕ್ಷೇಮ.

ಮೊನ್ನೆ ಫೋನಿನಲ್ಲಿ ನೀನು ಎರಡು ಸಂಗತಿಗಳನ್ನು ಹೇಳಿದೆ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಏರಿನಲ್ಲಿ ಮೂರರಿಂದ ಎರಡನೇ ಗೇರಿಗೆ ಇಳಿಸುವಾಗ ಕರಕರ ಸದ್ದಾಗುತ್ತದೆ ಎಂಬುದು ಒಂದು. ಕಾರು ನಿಲ್ಲಿಸಿದ ಜಾಗದಲ್ಲಿ ಅಂಗೈಯಗಲದ ಎಣ್ಣೆಯ ಕಲೆ ಕಾಣುತ್ತಿದೆ ಎಂಬುದು ಇನ್ನೊಂದು. ಇವೆರಡಕ್ಕೂ ಸಂಬಂಧವಿದೆ ಎಂದು ನನ್ನ ಅನುಮಾನ. ಗೇರ್‌ಬಾಕ್ಸ್ ಇಳಿಸಲೇಬೇಕೆಂದು ಅಲ್ಲಿಯ ಮೆಕ್ಯಾನಿಕ್ ಹೇಳಿದ್ದು ನಿಜವಿರಲೂಬಹುದು. ಆದರೆ ಒಳಗೆ ಎಣ್ಣೆ ಎಷ್ಟಿದೆ ಎಂದು ನೋಡದೆ ಹೇಳಿದ ಮಾತಿಗೆ ಒಪ್ಪಬೇಡ.

ಗೇರ್ ಆಯಿಲ್ ಎಂಜಿನ್ ಆಯಿಲ್‌ನಂತೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೆಟ್ಟಿಗೆಯ ತಳದಲ್ಲಿ ಅದು ನಿಂತಿರುತ್ತದೆ, ತಿರುಗುವ ಗೇರುಗಳೇ ಅದನ್ನು ಮೇಲಕ್ಕೆ ಎರಚಿಕೊಂಡು ತಮ್ಮನ್ನು ತಾವು ನೆನೆಸಿಕೊಳ್ಳುತ್ತವೆ. ಹಾಗಾಗಿ ಅದು ಕಡಿಮೆಯಾಗಿದ್ದರೆ ಸೋರಿದೆ ಎಂದೇ ಅರ್ಥ. ಎಂಜಿನ್ ಆಯಿಲ್ ಕಡಿಮೆಯಾದರೆ ಕೆಂಪು ದೀಪವಾದರೂ ಹೊತ್ತಿಕೊಳ್ಳುತ್ತದೆ. ಇದಕ್ಕೆ ಆ ಭಾಗ್ಯವೂ ಇಲ್ಲ. ಕಲೆಯ ಮೇಲೆ ಬೆರಳಿಟ್ಟು ಮೂಸಿ ನೋಡು. ಗಂಧಕದ ಘಾಟು ಬಂದು, ಎಣ್ಣೆ ಜೇನಿನಂತೆ ಮಂದವಾಗಿದ್ದರೆ ಅದು ಗೇರ್ ಆಯಿಲ್. ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಗೇರ್‌ಬಾಕ್ಸಿನಿಂದ ಹೊರಬರುವಲ್ಲಿ ಒಂದು ರಬ್ಬರಿನ ಸೀಲ್ ಇರುತ್ತದೆ. ಹಳೆಯ ಗಾಡಿಗಳಲ್ಲಿ ಅದು ಗಟ್ಟಿಯಾಗಿ ಸೋರುವುದು ಸಾಮಾನ್ಯ, ಮೊದಲು ಅಲ್ಲಿ ನೋಡು. ತಳದ ಡ್ರೈನ್ ಬೋಲ್ಟಿನ ವಾಷರ್ ಸವೆದು ಹನಿಯುವುದೂ ಉಂಟು.

ಯಾವ ಎಣ್ಣೆ ಎಂಬುದರಲ್ಲಿ ಮಾತ್ರ ನೀನು ಹಟ ಹಿಡಿಯಬೇಕು. ಡಬ್ಬದ ಮೇಲೆ ಗೇರ್ ಆಯಿಲ್‌ನ ದರ್ಜೆ ಜಿಎಲ್-4 ಎಂದಿರಬೇಕು. ಪಕ್ಕದ 75ಡಬ್ಲ್ಯೂ-90 ಅಥವಾ 80ಡಬ್ಲ್ಯೂ-90 ಎಂಬ ಸಂಖ್ಯೆ ಮಂದತೆಯ ಲೆಕ್ಕ, ಅದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿರುವ ಕೈಪಿಡಿಯೊಂದಿಗೆ ತಾಳೆ ನೋಡಿಕೋ. ಅಂಗಡಿಯವರು ಜಿಎಲ್-5 ಕೊಟ್ಟು, ಐದು ನಾಲ್ಕಕ್ಕಿಂತ ಮೇಲಲ್ಲವೇ ಎನ್ನುತ್ತಾರೆ. ಆ ಎಣ್ಣೆ ಅಂಬಾಸಡರ್‌ನಂಥ ಗಾಡಿಗಳ ಹಿಂದಿನ ಆಕ್ಸಲಿನಲ್ಲಿ ಒಂದರ ಮೇಲೊಂದು ಜಾರುತ್ತ ಉಜ್ಜುವ ಹಲ್ಲುಗಳಿಗೆ ಬೇಕಾದದ್ದು. ನಮ್ಮ ಮಾರುತಿ 800ರ ಗೇರ್‌ಬಾಕ್ಸಿನಲ್ಲಿ ಅಂಥ ಹಲ್ಲುಗಳಿಲ್ಲ, ಬದಲಿಗೆ ಹಿತ್ತಾಳೆಯ ಸಿಂಕ್ರೊನೈಸರ್ ಬಳೆಗಳಿವೆ. ನೀನು ಗೇರು ಬದಲಿಸಿದಾಗ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳಲ್ಲಿ ಒಂದಕ್ಕೆ ಈ ಬಳೆ ಉಜ್ಜಿಕೊಂಡು, ಎರಡರ ವೇಗವನ್ನೂ ಸರಿಗಟ್ಟಿಸಿ, ಆಮೇಲೆ ಹಲ್ಲುಗಳು ಸೇರಲು ಬಿಡುತ್ತದೆ. ಎಣ್ಣೆ ಅತಿಯಾಗಿ ಜಾರಿದರೆ ಬಳೆಗೆ ಹಿಡಿತ ಸಿಗುವುದಿಲ್ಲ. ಜಿಎಲ್-5ರಲ್ಲಿ ಹೆಚ್ಚಾಗಿರುವ ಗಂಧಕ ಮತ್ತು ರಂಜಕದ ಅಂಶ ಹಿತ್ತಾಳೆಯನ್ನು ತಿನ್ನಲೂಬಹುದು. ಕಾಟನ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದಷ್ಟು ಕಾಲ ನಾನು ಸ್ಪಿಂಡಲಿಗೆ ಒಂದು, ಗೇರಿಗೆ ಒಂದು ಎಂದು ಎಣ್ಣೆಯ ಕ್ಯಾನುಗಳನ್ನು ಬೇರೆ ಇಟ್ಟೇ ಬದುಕಿದವನು, ಈ ವಿಷಯದಲ್ಲಿ ನನ್ನ ಮಾತು ಕೇಳು.

ಇನ್ನು ಕೆಲಸ. ನಿನ್ನ ಬಾಡಿಗೆ ಮನೆಯ ಅಂಗಳ ಬಂಡೆಯ ಇಳಿಜಾರು, ಅಲ್ಲಿ ಇದನ್ನು ಮಾಡಬೇಡ. ಕಾರು ಸಮತಟ್ಟಾಗಿ ನಿಲ್ಲದಿದ್ದರೆ ಎಣ್ಣೆಯ ಮಟ್ಟ ಸುಳ್ಳು ಹೇಳುತ್ತದೆ. ಮುಂಭಾಗವನ್ನಷ್ಟೇ ಜಾಕಿನಿಂದ ಎತ್ತಿದರೂ ಅದೇ ತೊಂದರೆ. ಗುಂಡಿಯಿರುವ ಸರ್ವೀಸ್ ಸ್ಟೇಷನ್ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಇಲ್ಲಿಗೇ ಬಾ. ನಮ್ಮ ಮನೆಯ ಮುಂದಿನ ಸಿಮೆಂಟಿನ ಮೇಲೆ ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ರಸಮಟ್ಟ ಇಟ್ಟು ನೋಡೋಣ. ಬರಿಯ ಜಾಕಿನ ಕೆಳಗಾಗಲಿ, ಇಟ್ಟಿಗೆ ಪೇರಿಸಿದ ಗಾಡಿಯ ಕೆಳಗಾಗಲಿ ತಲೆ ಹಾಕಬೇಡ. ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ.

ಗೇರ್‌ಬಾಕ್ಸಿನ ಬದಿಯಲ್ಲಿ ಎಣ್ಣೆ ತುಂಬುವ ಬೋಲ್ಟ್ ಇದೆ, ತಳದಲ್ಲಿ ಇಳಿಸುವ ಬೋಲ್ಟ್ ಇದೆ. ಯಾವಾಗಲೂ ಮೊದಲು ಬದಿಯದ್ದನ್ನು ಬಿಚ್ಚು. ಒಮ್ಮೆ ನಾನು ಅವಸರದಲ್ಲಿ ತಳದ ಬೋಲ್ಟ್ ತೆಗೆದು ಎಣ್ಣೆಯನ್ನೆಲ್ಲ ಬಸಿದುಬಿಟ್ಟೆ. ಆಮೇಲೆ ಬದಿಯ ಬೋಲ್ಟ್ ತುಕ್ಕು ಹಿಡಿದು ಅಲುಗಲಿಲ್ಲ, ಸ್ಪ್ಯಾನರ್ ಜಾರಿ ಅದರ ಮೂಲೆಗಳೂ ಉರುಟಾದವು. ಎಣ್ಣೆಯಿಲ್ಲದ ಕಾರು ಮೂರು ದಿನ ಅಂಗಳದಲ್ಲೇ ನಿಂತಿತ್ತು, ನಿನ್ನಮ್ಮ ಅದನ್ನು ಇಂದಿಗೂ ಮರೆತಿಲ್ಲ.

ಕಾರು ಓಡಿಸಿದ ಕೂಡಲೇ ನೋಡದೆ, ಎಣ್ಣೆ ತಳಕ್ಕಿಳಿಯುವವರೆಗೆ ಕಾದು ಬದಿಯ ಬೋಲ್ಟ್ ಬಿಚ್ಚು. ಎಣ್ಣೆ ತೂತಿನ ಕೆಳ ಅಂಚಿಗೆ ಸಮನಾಗಿರಬೇಕು. ಕಾಣದಿದ್ದರೆ ಕಿರುಬೆರಳನ್ನು ಒಳಗೆ ಬಾಗಿಸಿ ಮುಟ್ಟಿ ನೋಡು. ಕಡಿಮೆಯಿದ್ದರೆ ಮೇಲಿನಿಂದ ಪಾರದರ್ಶಕ ಕೊಳವೆ ಇಳಿಬಿಟ್ಟು, ಆಲಿಕೆಯಿಂದ ಸ್ವಲ್ಪ ಸ್ವಲ್ಪವೇ ಸುರಿ. ಮಂದ ಎಣ್ಣೆ ತನ್ನ ಹೊತ್ತಿಗೇ ಇಳಿಯುತ್ತದೆ. ತೂತಿನಿಂದ ಹೊರಗೆ ಹನಿಯತೊಡಗಿದಾಗ ನಿಲ್ಲಿಸು, ಹನಿ ನಿಂತ ಮೇಲೆ ಬೋಲ್ಟ್ ಮುಚ್ಚು. ಹೆಚ್ಚು ತುಂಬಿದರೆ ಸೀಲುಗಳ ಮೇಲೆ ಒತ್ತಡ ಬಿದ್ದು ಇನ್ನಷ್ಟು ಸೋರುತ್ತದೆ. ಪೆಟ್ಟಿಗೆ ಅಲ್ಯೂಮಿನಿಯಮ್ಮಿನದ್ದಾದ್ದರಿಂದ ಬೋಲ್ಟನ್ನು ಕೈಯ ಪೂರ್ತಿ ಬಲ ಹಾಕಿ ಬಿಗಿಯಬೇಡ, ಎಳೆ ಕಿತ್ತುಹೋಗುತ್ತದೆ.

ಎಣ್ಣೆ ಸರಿಯಾದ ಮೇಲೂ ಕರಕರ ಉಳಿದರೆ ಇದನ್ನು ಗಮನಿಸು. ಎರಡನೇ ಗೇರಿನಲ್ಲಿ ಮಾತ್ರ ಸದ್ದಿದ್ದರೆ ಆ ಬಳೆ ಸವೆದಿದೆ, ಆಗ ಮೆಕ್ಯಾನಿಕ್ ಹೇಳಿದ್ದು ಸರಿ. ನಿಂತಲ್ಲಿಯೇ ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಕಾದು ರಿವರ್ಸ್ ಹಾಕಿದಾಗಲೂ ಹಲ್ಲು ಕಡಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಕ್ಲಚ್ಚಿನ ಕೇಬಲ್ ಸರಿಪಡಿಸುವುದು ಅರ್ಧ ಗಂಟೆಯ ಕೆಲಸ, ಗೇರ್‌ಬಾಕ್ಸ್ ಇಳಿಸುವ ಅಗತ್ಯವೇ ಇಲ್ಲ.

ಭಾನುವಾರ ಬರುವುದಾದರೆ ಎಣ್ಣೆಯ ಡಬ್ಬ ಮಾತ್ರ ತಾ, ಕೊಳವೆ ಮತ್ತು ಆಲಿಕೆ ಇಲ್ಲಿವೆ. ಆಲಿಕೆ ಅಡುಗೆಮನೆಯದ್ದು, ಅಮ್ಮನಿಗೆ ಹೇಳಬೇಡ.

ನಿನ್ನ ಅಪ್ಪ