ಸತ್ತವರ ದಿನಕ್ಕೆ ಹೋಗುವವರು ಟ್ರೈಪಾಡ್ ಬಿಟ್ಟು ಹೋಗಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ತೀರಿಹೋದವರನ್ನು ನೆನೆದು ಮನೆಗೆ ಬರಮಾಡಿಕೊಳ್ಳುವ ಮೆಕ್ಸಿಕೊದ ಹಬ್ಬ ‘ಸತ್ತವರ ದಿನ’ದ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ಬರಹ ಚುರುಕಾಗಿದೆ. ಆದರೆ ಅದರೊಂದಿಗೆ ಅಚ್ಚಾದ ದೊಡ್ಡ ಚಿತ್ರ ಮೆಕ್ಸಿಕೊ ನಗರದ ಮೆರವಣಿಗೆಯದು. ಕೆಳಗೆ ‘ಸಾವಿರಾರು ವರ್ಷಗಳ ಪರಂಪರೆ’ ಎಂಬ ಒಕ್ಕಣೆ. ಆ ಮೆರವಣಿಗೆ ಶುರುವಾದದ್ದು 2016ರಲ್ಲಿ. ಅದರ ಹಿಂದಿನ ವರ್ಷ ತೆರೆ ಕಂಡ ಜೇಮ್ಸ್ ಬಾಂಡ್ ಚಿತ್ರ ‘ಸ್ಪೆಕ್ಟರ್’ನಲ್ಲಿ ಅಂಥದೊಂದು ಮೆರವಣಿಗೆಯನ್ನು ಕಲ್ಪಿಸಿ ತೋರಿಸಿದ್ದರು. ಅದನ್ನು ನೋಡಿದವರು ಹುಡುಕಿಕೊಂಡು ಬಂದಾರೆಂದು ಅಲ್ಲಿನ ಪ್ರವಾಸೋದ್ಯಮದವರು ನಿಜವಾಗಿಯೇ ನಡೆಸಿಬಿಟ್ಟರು. ನೋಡಲು ಚೆಂದವೇ, ನಾನೂ ನೋಡಿ ಖುಷಿಪಟ್ಟಿದ್ದೇನೆ. ಆದರೆ ಸಿನಿಮಾ ಹೆತ್ತ ಕೂಸಿಗೆ ಮುತ್ತಜ್ಜನ ವಯಸ್ಸು ಹಚ್ಚುವುದು ಬೇಡ.

ನಾನು ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ. ಮಗಳ ಜೊತೆ ಮಿಚೋಕಾನ್ ರಾಜ್ಯದ ಪಾಟ್ಸ್‌ಕ್ವಾರೊ ಸರೋವರದ ಕಡೆಗೆ ಹೋದದ್ದು, ನಿಜ ಹೇಳಬೇಕೆಂದರೆ, ಚೆಂಡುಹೂವಿಗಾಗಿ. ಆ ಹೂವಿನ ತವರು ಮೆಕ್ಸಿಕೊ. ಒಂದೇ ಹೂವಿನಂತೆ ಕಾಣುವ ಚೆಂಡು ನಿಜಕ್ಕೂ ಪುಟ್ಟ ಪುಟ್ಟ ಹೂಗಳ ಗುಂಪು ಎಂದು ತರಗತಿಯಲ್ಲಿ ಬಿಡಿಸಿ ತೋರಿಸುತ್ತಿದ್ದವಳಿಗೆ ಪಾಟ್ಸ್‌ಕ್ವಾರೊ ಸಂತೆಯಲ್ಲಿ ಲಾರಿಗಟ್ಟಲೆ ಚೆಂಡುಹೂ ಇಳಿಯುವುದನ್ನು ನೋಡಿ ಕಣ್ಣು ತುಂಬಿತು. ಪಕ್ಕದಲ್ಲಿ ಕಡುಗೆಂಪು ಕೋಳಿಜುಟ್ಟಿನ ಹೂವಿನ ಕಟ್ಟುಗಳು. ಅವುಗಳ ನಡುವೆ ನೇರಳೆ ಬಣ್ಣದ ಕಾಡು ಆರ್ಕಿಡ್, ಲೇಲಿಯಾ ಜಾತಿಯದು. ಸರಿಯಾಗಿ ಈ ಹಬ್ಬದ ಹೊತ್ತಿಗೇ ಅರಳುತ್ತದೆ. ನಿಮ್ಮ ಲೇಖಕರು ತಲೆಬುರುಡೆಯ ಸಕ್ಕರೆ ಮಿಠಾಯಿಗೆ ಎರಡು ಪ್ಯಾರಾ ಕೊಟ್ಟು ಹೂವಿಗೆ ಒಂದು ಸಾಲನ್ನೂ ಕೊಟ್ಟಿಲ್ಲ. ಚೆಂಡುಹೂವಿನ ಗಾಢ ವಾಸನೆಯನ್ನು ಹಿಡಿದೇ ಸತ್ತವರು ಮನೆಗೆ ದಾರಿ ಕಂಡುಕೊಳ್ಳುತ್ತಾರೆಂಬ ನಂಬಿಕೆಯಿಂದ ಬಾಗಿಲಿನವರೆಗೆ ಅದರ ಎಸಳುಗಳ ಹಾದಿ ಹಾಸುತ್ತಾರೆ. ಇಡೀ ಹಬ್ಬ ನಿಂತಿರುವುದೇ ಆ ಹೂವಿನ ಮೇಲೆ.

ನಾವು ಉಳಿದುಕೊಂಡಿದ್ದ ಮನೆಯ ಒಡತಿ ವಯಸ್ಸಾದ ವಿಧವೆ. ನಡುಮನೆಯ ಮೇಜಿನ ಮೇಲೆ ‘ಓಫ್ರೆಂದಾ’, ಅಂದರೆ ಸತ್ತವರಿಗೆ ಇಡುವ ಎಡೆ, ಅಣಿಯಾಗಿತ್ತು: ಗಂಡನ ಫೋಟೊ, ಮೇಣದಬತ್ತಿ, ದೂರದಿಂದ ದಣಿದು ಬರುವವರಿಗೆ ಒಂದು ಲೋಟ ನೀರು, ಬಟ್ಟಲಲ್ಲಿ ಉಪ್ಪು, ಮೇಲೆ ಎಲುಬಿನ ಆಕಾರ ಮೂಡಿಸಿದ ಸಿಹಿ ಬ್ರೆಡ್ಡು, ಅವರು ಸೇದುತ್ತಿದ್ದ ಸಿಗರೇಟು. ಕೋಪಾಲ್ ಎಂಬ ಮರದ ಅಂಟಿನ ಹೊಗೆ ಸೂರಿನವರೆಗೆ ಏಳುತ್ತಿತ್ತು. ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು ಆಕೆಯೇ ಕೇಳಿದರು. ಪರ್ಸಿನಲ್ಲಿದ್ದ ನಮ್ಮ ಯಜಮಾನರ ಚಿತ್ರ ತೆಗೆದುಕೊಟ್ಟೆ. ಅವರಿಗೆ ಏನು ಇಷ್ಟ ಎಂದರು, ಕಾಫಿ ಎಂದೆ. ಸಕ್ಕರೆ ಕಾಯಿಲೆ ಇತ್ತು, ಸಪ್ಪೆ ಕಾಫಿಯೇ ಇರಲಿ ಎಂದು ಮಗಳು ಎಚ್ಚರಿಸಿದಾಗ ಆಕೆ ಗೊಳ್ಳೆಂದು ನಕ್ಕು, ಸತ್ತ ಮೇಲೆ ಎಂಥ ಪಥ್ಯ ಎನ್ನುತ್ತಾ ಎರಡು ಚಮಚ ತುಂಬಿ ಸುರಿದರು.

‘ಅಲ್ಲಿ ಯಾರೂ ಅಳುವುದಿಲ್ಲ, ಸಾವನ್ನೇ ಕುಣಿದು ಸಂಭ್ರಮಿಸುತ್ತಾರೆ’ ಎಂಬ ಲೇಖನದ ಮಾತನ್ನು ಮಾತ್ರ ಒಪ್ಪಲಾರೆ. ನವೆಂಬರ್ 1 ಮುಖ್ಯವಾಗಿ ತೀರಿಹೋದ ಮಕ್ಕಳ ದಿನ, 2 ದೊಡ್ಡವರದು. ಒಂದನೇ ತಾರೀಖಿನ ಬೆಳಿಗ್ಗೆ, ಇನ್ನೂ ಮಣ್ಣು ಕುಸಿಯದ ಪುಟ್ಟ ಸಮಾಧಿಯ ಪಕ್ಕದಲ್ಲಿ ಆಟಿಕೆ ಕಾರುಗಳನ್ನು ಸಾಲಾಗಿ ಇಟ್ಟು ಕುಳಿತಿದ್ದ ತಾಯಿಯೊಬ್ಬಳನ್ನು ಕಂಡೆ. ಆಕೆ ಅಳುತ್ತಿದ್ದಳು, ಯಾರೂ ತಡೆಯಲಿಲ್ಲ. ನಾಲ್ಕು ಮಾರು ಆಚೆ ಇನ್ನೊಂದು ಕುಟುಂಬ ಅಜ್ಜನ ಕಥೆಗಳನ್ನು ಹೇಳಿಕೊಂಡು ನಗುತ್ತಾ ಬಿಯರ್ ಕುಡಿಯುತ್ತಿತ್ತು. ಎರಡಕ್ಕೂ ಅಲ್ಲಿ ಜಾಗವಿದೆ.

ಅಂದು ರಾತ್ರಿ ಸಿನ್‌ಟ್ಸುನ್‌ಟ್ಸಾನ್ ಎಂಬ ಊರಿನ ಸ್ಮಶಾನಕ್ಕೆ ಹೋದೆವು. ಒಂದು ಕಾಲಕ್ಕೆ ಅಲ್ಲಿನ ಮೂಲನಿವಾಸಿಗಳಾದ ಪುರೆಪೆಚಾ ಜನರ ರಾಜಧಾನಿಯಾಗಿದ್ದ ಊರದು. ಸಮಾಧಿಗಳ ಮೇಲೆ ಹೂವಿನ ಕಮಾನುಗಳು, ಲೆಕ್ಕವಿಲ್ಲದಷ್ಟು ದೀಪಗಳು, ಕಸೂತಿಯ ಬಟ್ಟೆ ಮುಚ್ಚಿದ ಬುಟ್ಟಿಗಳು. ಕಂಬಳಿ ಹೊದ್ದ ಹೆಂಗಸರು ಬೆಳಗಿನವರೆಗೆ ಕುಳಿತೇ ಇರುತ್ತಾರೆ. ಅವರ ನಡುವೆ ನಮ್ಮಂಥ ಪ್ರವಾಸಿಗರ ಹಿಂಡು. ಒಬ್ಬಾತ ಟ್ರೈಪಾಡಿನ ಕಾಲನ್ನು ಸಮಾಧಿಯ ಹೂವಿನ ಮೇಲೆಯೇ ಊರಿದ. ಮುದುಕಿಯೊಬ್ಬರು ಏನೂ ಹೇಳದೆ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಮುಖಕ್ಕೆ ಅಸ್ಥಿಪಂಜರದ ಬಣ್ಣ ಬಳಿದುಕೊಂಡಿದ್ದವರನ್ನೂ ಕಂಡೆ, ನನ್ನ ಕಣ್ಣಿಗೆ ಬಿದ್ದವರೆಲ್ಲ ಹೊರಗಿನವರೇ. ‘ಕತ್ರೀನಾ’ ಎಂಬ, ಠೀವಿಯ ಟೋಪಿ ತೊಟ್ಟ ಹೆಣ್ಣು ಅಸ್ಥಿಪಂಜರದ ಆ ವೇಷದ ಮೂಲ ಹೊಸೆ ಗ್ವಾದಲೂಪೆ ಪೊಸಾದಾ ಎಂಬ ಮುದ್ರಣ ಕಲಾವಿದ ಕೆತ್ತಿದ ವ್ಯಂಗ್ಯಚಿತ್ರ. 1913ರಲ್ಲಿ ತೀರಿಕೊಂಡ ಆತ ಗೇಲಿ ಮಾಡಿದ್ದು ಯುರೋಪಿನ ಠೀವಿಯನ್ನು ಎರವಲು ತಂದು ಮೆರೆಯುವವರನ್ನು. 1947ರ ಭಿತ್ತಿಚಿತ್ರದಲ್ಲಿ ಮೆಕ್ಸಿಕೊದ ಚಿತ್ರಕಾರ ದಿಯೆಗೊ ರಿವೆರಾ ಆ ಕತ್ರೀನಾಳಿಗೆ ಮೈತುಂಬ ಉಡುಪು ತೊಡಿಸಿದ. ಎರವಲು ಠೀವಿಯ ಗೇಲಿಯನ್ನೇ ಎರವಲು ಪಡೆದು ಪರರ ಸಮಾಧಿಗಳ ನಡುವೆ ಸೆಲ್ಫಿ ತೆಗೆಯುವವರನ್ನು ಪೊಸಾದಾ ನೋಡಿದ್ದರೆ ಇನ್ನೊಂದು ಚಿತ್ರ ಕೆತ್ತುತ್ತಿದ್ದನೇನೋ.

ಹೋಗಬೇಡಿ ಎನ್ನುತ್ತಿಲ್ಲ. ಯುನೆಸ್ಕೊ 2008ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ಆಚರಣೆಯಿದು, ಕುತೂಹಲ ಸಹಜ. ಹೂವಿನ ಮಾರಾಟದಿಂದ ಹಿಡಿದು ಬಾಡಿಗೆ ಕೋಣೆಯವರೆಗೆ ಅಲ್ಲಿನವರಿಗೆ ನಾಲ್ಕು ಪೆಸೊ ಸಿಗುತ್ತದೆ, ಅದೂ ಒಳ್ಳೆಯದೇ. ಆದರೆ ‘ತಪ್ಪದೆ ಇಳಿರಾತ್ರಿಯಲ್ಲಿ ಹಾನಿಟ್ಸಿಯೊ ದ್ವೀಪಕ್ಕೆ ಹೋಗಿ’ ಎಂದು ಓದುಗರನ್ನು ಅಟ್ಟುವ ಮೊದಲು, ಪಾಟ್ಸ್‌ಕ್ವಾರೊ ಸರೋವರದ ನಡುವಿನ ಆ ದ್ವೀಪದಲ್ಲಿ ದೋಣಿಗೆ ನೂಕುನುಗ್ಗಲು, ಮೆಟ್ಟಿಲ ತುಂಬ ಜನಜಂಗುಳಿ ಎಂಬುದನ್ನೂ ತಿಳಿಸಬೇಕಿತ್ತು. ಫೋಟೊ ತೆಗೆಯುವ ಮುನ್ನ ಕೇಳಬೇಕು, ಫ್ಲ್ಯಾಶ್ ಕೂಡದು, ಸಮಾಧಿಗಳ ನಡುವಿನ ಕಾಲುದಾರಿ ಬಿಟ್ಟು ತುಳಿಯಬಾರದು ಎಂದು ಬರೆಯಲು ಎಷ್ಟು ಜಾಗ ಬೇಕು? ಮುಂದಿನ ಪುರವಣಿಯಲ್ಲಿ ಚಿತ್ರದ ಒಕ್ಕಣೆಯನ್ನು ತಿದ್ದುವಾಗ ಇದನ್ನೂ ಸೇರಿಸಿ. ಹಾಗೆಯೇ, ಸರೋವರ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿದೆ, ನಡುರಾತ್ರಿ ಕೊರೆಯುವ ಚಳಿ. ಲೇಖನದ ಜೊತೆಗಿನ ‘ಏನೇನು ಒಯ್ಯಬೇಕು’ ಪಟ್ಟಿಯಲ್ಲಿ ಮೂರು ಬಗೆಯ ಕ್ಯಾಮೆರಾ ಲೆನ್ಸ್‌ಗಳಿವೆ, ಸ್ವೆಟರ್ ಇಲ್ಲ.

ಇಂತಿ,
ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ