ಮಾತನಾಡಿಸುವವರು ಇದ್ದಾರೆ, ಅಜ್ಜಿ

ಡ್ರೆಸ್ಡೆನ್, ಜರ್ಮನಿ
ಸಂಕ್ರಾಂತಿಯ ಮರುದಿನ

ಪ್ರೀತಿಯ ಅಜ್ಜಿಗೆ ನಿನ್ನ ಮೊಮ್ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಹೋದ ವಾರ ಅಮ್ಮನ ಕೈಯಿಂದ ಮೊಬೈಲ್ ತೆಗೆದುಕೊಂಡು ನೀನು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನಿನ್ನನ್ನು ಮಾತನಾಡಿಸುವವರು ಯಾರಾದರೂ ಇದ್ದಾರೇನೇ?" ನಾನು ಎರಡು ಸಲ ಹೇಳಿದರೂ ಉತ್ತರ ನಿನ್ನ ಕಿವಿಗೆ ಬೀಳಲಿಲ್ಲ. ಅದು ಅವಸರದ ಉತ್ತರವಾಗಿತ್ತು. ಹಾಗಾಗಿ ಕುಳಿತು ಬರೆಯುತ್ತಿದ್ದೇನೆ. ನಿನ್ನ ಕನ್ನಡಕಕ್ಕೆ ಕಷ್ಟವಾಗದಂತೆ ಅಕ್ಷರ ದಪ್ಪವಾಗಿಯೇ ಇದೆ.

ಮೊದಲ ಎರಡು ತಿಂಗಳು ಯಾರೂ ಇರಲಿಲ್ಲ ಅಜ್ಜಿ. ಅಮ್ಮ ಕೇಳಿದಾಗಲೆಲ್ಲ ಚೆನ್ನಾಗಿದ್ದೇನೆ ಎಂದೆ. ಚೆನ್ನಾಗಿರಲಿಲ್ಲ. ನಮ್ಮ ಬಸವನಗುಡಿಯಲ್ಲಿ ಬೆಳಗಾದರೆ ಸೊಪ್ಪಿನವಳ ಕೂಗು, ಪಕ್ಕದ ಮನೆಯ ಕುಕ್ಕರಿನ ಸೀಟಿ, ಗೇಟಿನ ಸದ್ದು. ನಮ್ಮನ್ನು ಯಾರೂ ಕರೆಯದಿದ್ದರೂ ಸುತ್ತ ಜನ ಇದ್ದಾರೆಂಬ ಧೈರ್ಯ. ಇಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಹಾಲು ತರಕಾರಿಯನ್ನು ಶನಿವಾರವೇ ತಂದಿಟ್ಟುಕೊಳ್ಳಬೇಕು. ಕಿಟಕಿ ತೆರೆದರೆ ದೂರದಲ್ಲಿ ಒಂದು ಟ್ರಾಮ್ ಹೋಗುವುದು ಕೇಳಿಸುತ್ತದೆ, ಅಷ್ಟೇ. ಅಕ್ಟೋಬರಿನ ಕೊನೆಯ ಭಾನುವಾರ ದೇಶಕ್ಕೆ ದೇಶವೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿತು. ನಮಗೂ ನಿಮಗೂ ಮೂರೂವರೆ ಗಂಟೆ ಇದ್ದ ಅಂತರ ಅಂದಿನಿಂದ ನಾಲ್ಕೂವರೆ ಆಯಿತು. ನಾನು ಸಂಜೆ ಆರಕ್ಕೆ ಕೋಣೆಗೆ ಬಂದು ಫೋನ್ ಹಿಡಿಯುವ ಹೊತ್ತಿಗೆ ನಿನಗೆ ರಾತ್ರಿ ಹತ್ತೂವರೆ, ಒಂದು ನಿದ್ದೆ ಮುಗಿದಿರುತ್ತದೆ. ಡಿಸೆಂಬರಿನಲ್ಲಂತೂ ನಾಲ್ಕು ಗಂಟೆಗೇ ಕತ್ತಲು.

ದುಡ್ಡಿನ ಬಗ್ಗೆ ಅಪ್ಪನಿಗೆ ಹೇಳು, ಯೋಚನೆ ಬೇಡ. ವೀಸಾಕ್ಕೆಂದು ನನ್ನ ಒಂದು ವರ್ಷದ ಖರ್ಚಿಗಾಗಿ ಅವರು ಖಾತೆಯಲ್ಲಿ ಕಟ್ಟಿಟ್ಟ 11,904 ಯೂರೋ ತಿಂಗಳಿಗೆ 992ರಂತೆ ಕೈಗೆ ಬರುತ್ತಿದೆ. ಅದರಲ್ಲೇ ಬಾಡಿಗೆ, ವಿಮೆ, ಊಟ ಎಲ್ಲ ತೂಗುತ್ತಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮೊದಲ ದಿನದ ಪಾಠ ಮುಗಿದಾಗ ಇಡೀ ತರಗತಿ ಬೆರಳಿನ ಗೆಣ್ಣಿನಿಂದ ಮೇಜು ಕುಟ್ಟತೊಡಗಿತು. ನಮ್ಮ ಕಾಲೇಜಿನಲ್ಲಿ ಬೆಂಚು ಕುಟ್ಟಿದರೆ ಪಾಠ ಸಾಕೆಂದು ಅರ್ಥ. ನನಗೆ ಎದೆ ಝಲ್ಲೆಂದಿತು. ಆಮೇಲೆ ತಿಳಿಯಿತು, ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಚಪ್ಪಾಳೆಯ ಬದಲು ಹೀಗೆ ಕುಟ್ಟುತ್ತಾರೆ. ಡಿಸೆಂಬರಿನಲ್ಲಿ ನನ್ನ ಸರದಿ ಬಂತು. ನಿಮ್ಮ ನಿಮ್ಮ ಊರಿನ ನೀರಿನ ಬಗ್ಗೆ ಹದಿನೈದು ನಿಮಿಷ ಮಾತನಾಡಿ ಎಂದರು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಕಾವೇರಿಯನ್ನು ಪಂಪ್ ಮಾಡಿ ನಾವು ಕುಡಿಯುತ್ತೇವೆ ಎಂದಾಗ ಎಲ್ಲರೂ ತಲೆ ಎತ್ತಿದರು. ಊರಿನ ನಡುವೆಯೇ ನದಿ ಹರಿಯುವವರಿಗೆ ಅದು ನಂಬಲಾಗದ ಮಾತು.

ಆಮೇಲೆ ನಾನು ಬರೆದುಕೊಂಡಿದ್ದನ್ನು ಬಿಟ್ಟು ನಿನ್ನ ಕಥೆ ಹೇಳಿದೆ ಅಜ್ಜಿ. ಕಾವೇರಿ ಬರುವ ಮೊದಲು ನಮ್ಮದು ಕೆರೆಗಳ ಊರು, ಒಂದು ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ ಸೇರುತ್ತಿತ್ತು ಎಂದೆ. ಕೆಂಪಾಂಬುಧಿ ಕೆರೆ ಕೋಡಿ ಬಿದ್ದಾಗ ನಿನ್ನ ಅಮ್ಮ ನಿನ್ನ ಕೈಹಿಡಿದು ಕರೆದುಕೊಂಡು ಹೋಗಿ ಬಾಗಿನ ಬಿಡಿಸಿದ್ದನ್ನು ಹೇಳಿದೆ. ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆಂದು ನೀನು ಕೈಮುಗಿಯುವ ವೃಷಭಾವತಿಯಲ್ಲಿ ಇಂದು ಕೊಳಚೆ ಹರಿಯುತ್ತಿದೆ ಎನ್ನುವಾಗ ನನ್ನ ಗಂಟಲು ಕಟ್ಟಿತು. ಒಂದು ಕ್ಷಣ ಯಾರೂ ಅಲುಗಾಡಲಿಲ್ಲ. ನಂತರ ಹಿಂದಿನ ಸಾಲಿನಿಂದ ಶುರುವಾಗಿ ಎಲ್ಲರೂ ಮೇಜು ಕುಟ್ಟಿದರು. ಆ ಸದ್ದು ನಿನಗೂ ಸಂದದ್ದು.

ಅಂದು ಸಂಜೆ, ಎರಡು ತಿಂಗಳಿಂದ ಬರೀ ನಮಸ್ಕಾರವಷ್ಟೇ ಹೇಳುತ್ತಿದ್ದ ಇದೇ ಊರಿನ ಹುಡುಗಿಯೊಬ್ಬಳು ಜೊತೆಗೆ ನಡೆದು ಬಂದಳು. 2002ರ ಆಗಸ್ಟಿನಲ್ಲಿ ಇಲ್ಲಿನ ಎಲ್ಬೆ ನದಿ 9.40 ಮೀಟರಿಗೆ ಏರಿ ಊರೊಳಗೆ ನುಗ್ಗಿತ್ತು. ಅವಳ ಅಜ್ಜಿಯ ಮನೆಯ ನೆಲಮಾಳಿಗೆಗೆ ನೀರು ತುಂಬಿ, ಹಳೆಯ ಫೋಟೋಗಳೆಲ್ಲ ಹೋದವಂತೆ. "ನಿನ್ನ ಅಜ್ಜಿಯ ಕಥೆ ಕೇಳಿ ನನ್ನ ಅಜ್ಜಿಯ ನೆನಪಾಯಿತು" ಎಂದಳು. ಮುಂದಿನ ಭಾನುವಾರ ನದಿಯ ದಡಕ್ಕೆ ಕರೆದೊಯ್ದಳು. ನಗರದ ನಡುವೆಯೇ ಎರಡೂ ದಡದಲ್ಲಿ ಅಗಲವಾದ ಹುಲ್ಲುಗಾವಲು, ಮನೆಗಳೆಲ್ಲ ಅದರಾಚೆಗೆ. ಮಳೆ ಹೆಚ್ಚಾದಾಗ ನದಿ ಹರಡಿಕೊಳ್ಳಲೆಂದು ಜಾಗ ಬಿಟ್ಟಿದ್ದಾರೆ. ನಾವು ರಾಜಕಾಲುವೆಯ ಮೇಲೆ ಮನೆ ಕಟ್ಟಿ, ಮಳೆ ಬಂದಾಗ ನೀರನ್ನು ಬೈಯುತ್ತೇವೆ. ಓದು ಮುಗಿಸಿ ಊರಿಗೆ ಬಂದ ಮೇಲೆ ನಾನು ಮಾಡಬೇಕಾದ ಕೆಲಸ ಯಾವುದೆಂದು ಆ ಹುಲ್ಲಿನ ಮೇಲೆ ನಿಂತಾಗ ನನಗೆ ಗೊತ್ತಾಯಿತು.

ನಿನ್ನೆ ಹಬ್ಬ. ಅಮ್ಮ ಕಳಿಸಿಕೊಟ್ಟಿದ್ದ ಬೆಲ್ಲದ ಅಚ್ಚನ್ನು ಇಲ್ಲಿನ ಚಾಕುವಿನಲ್ಲಿ ಚಿಕ್ಕ ಚಿಕ್ಕ ತುಂಡು ಮಾಡಲು ಒಂದು ಗಂಟೆ ಹಿಡಿಯಿತು, ಬೆರಳು ಕೆಂಪಾಯಿತು. ಎಳ್ಳು, ಕಡಲೆಕಾಯಿ ಬೀಜ ಇಲ್ಲಿಯೇ ಸಿಕ್ಕವು. ಹುರಿಗಡಲೆ, ಕೊಬ್ಬರಿಗೆ ಏಷ್ಯನ್ ಅಂಗಡಿಗೆ ಹೋದೆ. ಸಕ್ಕರೆ ಅಚ್ಚು, ಕಬ್ಬು ಇರಲಿಲ್ಲ. ಕಾಗದದ ಪೊಟ್ಟಣ ಕಟ್ಟಿ ನಮ್ಮ ಮಹಡಿಯ ಐದು ಕೋಣೆಗಳ ಬಾಗಿಲು ತಟ್ಟಿ ಎಳ್ಳು ಬೀರಿದೆ. ಸೆಪ್ಟೆಂಬರಿನಿಂದ ಎದುರು ಕೋಣೆಯಲ್ಲೇ ಇದ್ದವನ ಹೆಸರು ನಿನ್ನೆ ತಿಳಿಯಿತು. ಆ ಹುಡುಗಿಗೆ "ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡು" ಎಂದು ಬಿಡಿಸಿ ಬಿಡಿಸಿ ಹೇಳಿಕೊಟ್ಟೆ. "ಳ್ಳ" ಅವಳ ನಾಲಿಗೆಗೆ ಹೊರಳಲಿಲ್ಲ, ಆದರೂ ಮೂರು ಸಲ ಹೇಳಿದಳು.

ಅವಳು ಒಂದು ವಿಷಯ ಕೇಳಿದ್ದಾಳೆ, ನನಗೆ ಉತ್ತರ ಗೊತ್ತಿಲ್ಲ. ಕೆಂಪಾಂಬುಧಿಯ ಕೋಡಿ ಆಗ ಯಾವ ಕಡೆ ಇತ್ತು? ಆ ನೀರು ನಮ್ಮ ಮನೆಯ ಹತ್ತಿರ ಹಾಯುತ್ತಿತ್ತೇ? ನೆನಪಾದಷ್ಟನ್ನು ಅಪ್ಪನ ಕೈಯಲ್ಲಿ ಬರೆಸು. ಫೋನಿನಲ್ಲಿ ಬೇಡ, ಕಾಗದದಲ್ಲೇ ಬರಲಿ. ನಾನು ಅವಳಿಗೆ ಓದಿ ಹೇಳಬೇಕು.

ಇಂತಿ ನಿನ್ನ ಪ್ರೀತಿಯ
ಮೊಮ್ಮಗಳು